ಹನ್ನೊಂದನೆಯ ಚಿತ್ರ

ಮಹದೇವುಗೆ ಲಕ್ವ ಹೊಡೆದಾಗ ಬಲಗೈ ಹೋಯಿತು, ಮಾತು ಹೋಯಿತು. ಕಾಲು ಅರ್ಧ ಉಳಿಯಿತು, ಸಿಟ್ಟು ಪೂರ್ತಿ ಉಳಿಯಿತು. ಶಿವನಸಮುದ್ರದ ಪವರ್‌ಹೌಸಿನಲ್ಲಿ ಸರ್ವೀಸಿನುದ್ದಕ್ಕೂ ಯಂತ್ರಗಳ ಮಗ್ಗುಲಲ್ಲೇ ನಿಂತವನು ಅವನು. ಅವುಗಳ ಮೊರೆತದ ಮೇಲೆ ಕೇಳಿಸಬೇಕೆಂದು ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ಒಂದು ಚಿಟಿಕೆ ಉಪ್ಪು ಕೇಳಿದರೂ ಬೀದಿ ಕೊನೆಯವರಿಗೆ ಗೊತ್ತಾಗುತ್ತಿತ್ತು. ಅಂಥ ಗಂಟಲಿನಿಂದ ಈಗ ‘ಹಾ’ ಎನ್ನುವುದೊಂದು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಬೇಕು ಅಂದರೂ ಹಾ, ಬೇಡ ಅಂದರೂ ಹಾ.

ಹೆಂಡತಿ ಅರುಂಧತಿ ಮಳವಳ್ಳಿಯ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: ನೀವು ಹೇಳುವುದು ಇವರಿಗೆ ಅರ್ಥವಾಗುತ್ತದೆ, ಇವರು ಹೇಳಬೇಕಾದದ್ದೂ ತಲೆಯೊಳಗೆ ಇದೆ, ಅದು ಮಾತಾಗಿ ಹೊರಗೆ ಬರುವ ದಾರಿ ಮುಚ್ಚಿದೆ, ಓದು ಬರಹಕ್ಕೂ ಅದೇ ದಾರಿ, ಸದ್ಯಕ್ಕೆ ಅದೂ ಇಲ್ಲ. ಇದನ್ನು ಅತ್ತೆ ಪಟ್ಟಲಮ್ಮನಿಗೆ ಹೇಗೆ ತಿಳಿಸುವುದೆಂದು ಅರುಂಧತಿ ತಡವರಿಸುತ್ತಿದ್ದಾಗ ಮುದುಕಿಯೇ ಅಂದಳು:

"ಕೊಟ್ಟಿಗೆ ತುಂಬ ದನ ಅವೆ, ಬಾಗ್ಲು ಅಗುಳಿ ಸಿಗಾಕಂಡದೆ. ಅಷ್ಟೇ ತಾನೆ? ತಗೀತದೆ ಬುಡು."

ಅಗುಳಿ ಬೇಗ ತೆಗೆಯಲಿಲ್ಲ. ಮಾತು ಕಲಿಸುವ ಮೇಡಂ ಒಬ್ಬರು ಚಿತ್ರಗಳ ಚಾರ್ಟು ಕೊಟ್ಟರು. ಲೋಟ, ತಟ್ಟೆ, ಹಾಸಿಗೆ, ಬಣ್ಣಬಣ್ಣದ ಚಿತ್ರ. ಮಹದೇವುವಿನ ಎಡಗೈ ನಡುಗುತ್ತಿತ್ತು. ಲೋಟ ತೋರಿಸಲು ಹೋದ ಬೆರಳು ನಾಯಿಯ ಮೇಲೆ ಬಿತ್ತು. ಎರಡು ಸಲ ನೋಡಿದ, ಮೂರನೆಯ ಸಲ ಚಾರ್ಟನ್ನು ಮಂಚದ ಕೆಳಕ್ಕೆ ಎಸೆದ. ಅಂಗನವಾಡಿ ಮಕ್ಕಳ ಚಾರ್ಟು ನನಗೆ ಕೊಡುತ್ತೀಯಾ ಅನ್ನುವ ಮುಖ. ಮೊಬೈಲು ಕೊಟ್ಟರೆ ನಡುಗುವ ಬೆರಳು ಒಂದರ ಬದಲು ನಾಲ್ಕನ್ನು ಒತ್ತಿ, ಫೋನು ಯಾರಿಗೋ ಹೋಗಿ, ಆ ಕಡೆಯವರು ಹಲೋ ಹಲೋ ಎನ್ನುವಾಗ ಇವನು ಹಾ ಎನ್ನುತ್ತ ಕಣ್ಣಲ್ಲಿ ನೀರು ತಂದುಕೊಂಡ.

ದಾರಿ ತೋರಿಸಿದ್ದು ಅವನ ಹಳೆಯ ಗ್ರಾಫ್ ಕ್ಯಾಲ್ಕುಲೇಟರು. ಟರ್ಬೈನ್ ರಿಪೇರಿಗೆಂದು ಹೊರದೇಶದಿಂದ ಬಂದಿದ್ದ ಇಂಜಿನಿಯರೊಬ್ಬರು ಹೋಗುವಾಗ ಅವನಿಗೆ ಕೊಟ್ಟುಹೋದದ್ದು. ಅಂಗೈಗಿಂತ ಉದ್ದ, ದಪ್ಪ ಕರಿ ಮೈ, ಮೇಲೊಂದು ಬೂದುಹಸಿರು ಪರದೆ, ಕೆಳಗೆ ಸಾಲುಸಾಲು ಗಟ್ಟಿ ಗುಂಡಿಗಳು. ಗ್ರಾಫ್ ಬಿಡಿಸುತ್ತಿತ್ತು, ಬರೆದುಕೊಟ್ಟ ಪ್ರೋಗ್ರಾಮನ್ನು ನೆನಪಿಟ್ಟುಕೊಂಡು ನಡೆಸುತ್ತಿತ್ತು. ಶಿಫ್ಟು ಮುಗಿಸಿ ಬಂದು ಮಹದೇವು ಅದರಲ್ಲಿ ಲೋಡಿನ ಲೆಕ್ಕ ಮಾಡುತ್ತಿದ್ದ, ಒಮ್ಮೆ ಕೋಳಿ ರಸ್ತೆ ದಾಟುವ ಆಟವನ್ನೂ ತಾನೇ ಬರೆದಿದ್ದ. ಲಕ್ವ ಹೊಡೆದ ಮೇಲೆ ಒಂದು ಮಧ್ಯಾಹ್ನ ಅದನ್ನು ಎದೆಯ ಮೇಲಿಟ್ಟುಕೊಂಡು ಎಡಗೈ ಹೆಬ್ಬೆರಳಲ್ಲಿ ಏನೋ ಒತ್ತಿ ಅರುಂಧತಿಗೆ ತೋರಿಸಿದ. ಏಳೆಂಟ್ಲೆ ಐವತ್ತಾರು. ಅಕ್ಷರಗಳೆಲ್ಲ ಅವನನ್ನು ಬಿಟ್ಟು ಹೋಗಿದ್ದವು, ಅಂಕಿಗಳು ಹೋಗಿರಲಿಲ್ಲ. ಗುಂಡಿ ಗಟ್ಟಿಯಾದ್ದರಿಂದ ಕೈ ನಡುಗಿದರೂ ಒತ್ತಬೇಕೆಂದುಕೊಂಡದ್ದನ್ನೇ ಒತ್ತುತ್ತಿದ್ದ.

ಅರುಂಧತಿ ಸ್ಕೂಲಿನ ಗ್ರಾಫ್ ಹಾಳೆ ತಂದು ಒಂದು ಚೌಕಕ್ಕೆ ಒಂದು ಚುಕ್ಕಿಯಂತೆ ಚಿತ್ರ ಬಿಡಿಸಿದಳು. ಆಮೇಲೆ ಅದನ್ನು ನೋಡಿಕೊಂಡು ಕ್ಯಾಲ್ಕುಲೇಟರಿನ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಎಬ್ಬಿಸಿದಳು. ರಂಗೋಲಿ ಹಾಕುವುದಕ್ಕಿಂತ ನೂರು ಪಾಲು ಪೀಡೆ. ಒಂದಕ್ಕೆ ನೀರಿನ ಲೋಟ. ಎರಡಕ್ಕೆ ಊಟದ ತಟ್ಟೆ. ಮೂರು, ಬಚ್ಚಲ ಬಕೆಟ್ಟು. ನಾಲ್ಕು, ಟೀವಿ. ಐದು ಒತ್ತಿದರೆ ಹುಬ್ಬು ಗಂಟಿಕ್ಕಿದ ಮುಖ, ಅಂದರೆ ನೋವು. ಏಳು ಒತ್ತಿದರೆ ಕೋಲು ಹಿಡಿದ ಅವ್ವ, ಎಂಟಕ್ಕೆ ಕನ್ನಡಕ, ಅಂದರೆ ಅರುಂಧತಿ. ಸೊನ್ನೆಗೆ ದೊಡ್ಡದೊಂದು ಅಡ್ಡಗೆರೆಯ ಗುರುತು: ಬೇಡ. ಆ ಯಂತ್ರದಲ್ಲಿ ಚಿತ್ರ ಇಡಲು ಇದ್ದ ಜಾಗವೇ ಹತ್ತು. ಹತ್ತೂ ತುಂಬಿದವು. ಮಹದೇವು ಮೊದಲ ದಿನವೇ ಸೊನ್ನೆಯನ್ನು ಒತ್ತಿ ಒತ್ತಿ ಔಷಧಿ ಬೇಡ ಅಂದ, ಕಷಾಯ ಬೇಡ ಅಂದ, ನೋಡಲು ಬಂದಿದ್ದ ನೆಂಟರೊಬ್ಬರ ಮುಂದೆ ಹಿಡಿದು ಅವರೂ ಬೇಡ ಅಂದ. ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು.

ಆ ನಗು ಹೆಚ್ಚು ಕಾಲ ನಿಲ್ಲಲಿಲ್ಲ. ಮಹದೇವು ಊಟ ಬಿಟ್ಟ.

ಗಂಜಿ ಬಾಯಿಗಿಟ್ಟರೆ ಮುಖ ಕಿವುಚಿ ಉಗಿಯುತ್ತಿದ್ದ. ಬಿಸಿ ಆರಿಸಿ ಕೊಟ್ಟರೂ ಉಗಿದ, ಮೊಸರು ಕಲಸಿ ಕೊಟ್ಟರೂ ಉಗಿದ. ಐದು ಒತ್ತುತ್ತಿದ್ದ. ನೋವು. "ಎಲ್ಲಿ?" ಅಂದರೆ ಕೈ ಎತ್ತಿ ಕೆನ್ನೆಯ ಮೇಲೆ ಬಡಿಯುತ್ತಿದ್ದ. ಸೊಟ್ಟಗಾದ ಕಡೆಯ ಕೆನ್ನೆ. ಡಾಕ್ಟರು ಟಾರ್ಚು ಹಿಡಿದು ನೋಡಲು ಹೋದರೆ ದವಡೆ ಎರಡು ಬೆರಳಿನಷ್ಟೂ ತೆರೆಯಲಿಲ್ಲ.

"ಲಕ್ವ ಆದ ಕಡೆ ಹೀಗೆ ಎಳೆಯೋದುಂಟಮ್ಮ" ಎಂದರು ಡಾಕ್ಟರು. "ನನಗೆ ಭಯ ಇರೋದು ನುಂಗೋ ಶಕ್ತಿ ಏನಾದರೂ ಕಡಿಮೆ ಆಗ್ತಿದೆಯಾ ಅಂತ. ಒಂದು ವಾರ ನೋಡಿ. ಹೀಗೇ ಇದ್ದರೆ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತೆ."

ಬಸ್ಸಿನಲ್ಲಿ ವಾಪಸು ಬರುವಾಗ ಮಹದೇವು ಕಿಟಕಿಯ ಕಡೆ ತಿರುಗಿ ಕೂತಿದ್ದ. ಮದ್ದೂರು ದಾಟಿದ ಮೇಲೆ ಕ್ಯಾಲ್ಕುಲೇಟರು ತೆಗೆದು ಸೊನ್ನೆ ಒತ್ತಿ ಅವಳ ಮುಂದೆ ಹಿಡಿದ. ಬೇಡ. ಮತ್ತೆ ಒತ್ತಿದ. ಅವನಿಗೆ ಎಲ್ಲ ಕೇಳಿಸಿತ್ತು, ಎಲ್ಲ ಅರ್ಥವಾಗಿತ್ತು.

"ನಳಿಗೆ ಬೇಡ ಅಂದ್ರೆ ಉಣ್ಣಬೇಕು ಕಣ್ರೀ" ಎಂದಳು ಅರುಂಧತಿ. ಅಳು ಬರುವಂತಾಗಿತ್ತು. "ಯಾಕೆ ಉಣ್ಣಲ್ಲ ಅಂತ ಹೇಳಿ. ಏನಾದ್ರೂ ಒತ್ತಿ."

ಆಗ ಅವನು ಒತ್ತಿದ್ದು ಹದಿನಾಲ್ಕು. ಪರದೆಯ ಮೇಲೆ ತಪ್ಪು ಎನ್ನುವ ಇಂಗ್ಲಿಷ್ ಪದ ಬಂತು. ಇಪ್ಪತ್ತಾರು ಒತ್ತಿದ, ಮತ್ತೆ ತಪ್ಪು. ಮೂವತ್ತು, ತಪ್ಪು. ಒತ್ತುವುದನ್ನು ನಿಲ್ಲಿಸದೆ ಅವಳ ಮುಖವನ್ನೇ ನೋಡುತ್ತಿದ್ದ. ಯಂತ್ರ ಕೆಟ್ಟಿತೇನೋ ಎಂದು ಮೊದಲು ಅವಳು ಅಂದುಕೊಂಡಳು. ಬಸ್ಸು ಮಳವಳ್ಳಿ ಸ್ಟ್ಯಾಂಡಿಗೆ ಬಂದು ನಿಂತು, ಇವನ ತೋಳಿಗೆ ಹೆಗಲು ಕೊಟ್ಟು ಇಳಿಸುವಾಗ ಹೊಳೆಯಿತು. ಹತ್ತು ಸಾಲದು ಅನ್ನುತ್ತಿದ್ದಾನೆ. ಹೇಳಬೇಕಾದದ್ದು ಆ ಹತ್ತರಲ್ಲಿ ಇಲ್ಲ.

ಸರಿ, ಟೀವಿಯ ಚಿತ್ರ ಅಳಿಸಿ ಆ ಜಾಗದಲ್ಲಿ ಬೇರೊಂದು ಬಿಡಿಸೋಣ ಎಂದು ಆ ಸಂಜೆ ಕೂತಳು. ಏನು ಬಿಡಿಸಬೇಕೆಂದು ಅವಳಿಗಾದರೂ ಏನು ಗೊತ್ತು? ಗಂಟಲು ಬಿಡಿಸಲು ತೊಡಗಿದಳು. ಅರ್ಧ ಆಗುವಷ್ಟರಲ್ಲಿ ಪರದೆ ಮಂಕಾಯಿತು. ಸೆಲ್ಲು ಮುಗಿದಿರಬೇಕು. ಬೀದಿ ಅಂಗಡಿಯಿಂದ ಹೊಸ ಸೆಲ್ಲು ತಂದು, ಹಿಂದಿನ ಮುಚ್ಚಳ ಬಿಚ್ಚಿ ಹಳೆಯವನ್ನು ಕಿತ್ತಳು. ಮಂಚದ ಮೇಲಿಂದ ಮಹದೇವು "ಹಾ! ಹಾ!" ಎಂದು ಗೋಡೆ ಗುದ್ದಿದ. ಅಷ್ಟರಲ್ಲಿ ಅವಳು ಹೊಸ ಸೆಲ್ಲು ಹಾಕಿಯಾಗಿತ್ತು.

ಯಂತ್ರ ಹೊತ್ತಿಕೊಂಡಿತು, ಆದರೆ ಖಾಲಿ. ಒಂದು ಒತ್ತಿದರೆ ಬರೀ ಒಂದು, ಐದು ಒತ್ತಿದರೆ ಬರೀ ಐದು. ಲೋಟವಿಲ್ಲ, ತಟ್ಟೆಯಿಲ್ಲ, ಕನ್ನಡಕವಿಲ್ಲ. ಸೆಲ್ಲು ಬದಲಿಸುವಾಗ ನೆನಪನ್ನು ಕಾಯಲೆಂದು ಒಳಗೆ ಗುಂಡನೆಯ ಸಣ್ಣ ಸೆಲ್ಲೊಂದು ಇರುತ್ತದೆ. ಅದು ಸತ್ತು ಎಷ್ಟು ವರ್ಷವಾಗಿತ್ತೋ. ಮಹದೇವುಗೆ ಗೊತ್ತಿತ್ತು. ಹೇಳುವುದು ಹೇಗೆ?

ಅವನು ಗೋಡೆಯ ಕಡೆ ಮಗ್ಗುಲಾದ. ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟಿಷ್ಟು ನೀರು ಕುಡಿದ.

"ಮಗಾ, ಒಂದು ತುತ್ತು ಕಣ್ಲಾ" ಎಂದು ಪಟ್ಟಲಮ್ಮ ತಟ್ಟೆ ಹಿಡಿದು ಕೂತೇ ಇದ್ದಳು. "ನನ್ ಕೈಯಾಗೆ ಉಣ್ಣಾಕೆ ನಾಚ್ಕೆನಾ ನಿಂಗೆ? ಬಾಯಿ ತೆಗಿಲಾ."

ಅರುಂಧತಿ ಅಡಿಗೆಮನೆಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಶಶಿಧರನಿಗೆ ಫೋನು ಮಾಡಿದಳು.

ಶಶಿಧರ ಹಿಂದೆ ಪವರ್‌ಹೌಸಿನಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದವನು. ಕೆಲಸ ಕಲಿತದ್ದೆಲ್ಲ ಮಹದೇವುವಿನ ಕೈಕೆಳಗೆ. ಈಗ ಸೋಮನಹಳ್ಳಿಯ ಹೆದ್ದಾರಿ ಪಕ್ಕದ ಸಣ್ಣ ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ಬೋರ್ಡು ಮಾಡುವ ಕೆಲಸ. ಅವಳು ಮರುದಿನ ಸ್ಕೂಲಿಗೆ ರಜೆ ಹಾಕಿ ಕ್ಯಾಲ್ಕುಲೇಟರನ್ನೂ ಗ್ರಾಫ್ ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು.

"ಜೈಭೀಮ್ ಅಕ್ಕ, ಬನ್ನಿ. ಅಣ್ಣ ಎಂಗವ್ರೆ?" ಎಂದು ಕೇಳಿದ ಶಶಿಧರ ಅವಳ ಮುಖ ನೋಡಿ ಮತ್ತೆ ಕೇಳಲಿಲ್ಲ. ಟೀ ತರಿಸಿ ಯಂತ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಕೆಳಗಿನ ಅಂಚಿನಲ್ಲಿ ಕಡಲೆಕಾಳಿಗಿಂತ ಚಿಕ್ಕದೊಂದು ತೂತಿತ್ತು.

"ಇದೇನಕ್ಕ ಇದು? ಇಯರ್‌ಫೋನಿಂದಾ?"

"ಇಂಥದೇ ಎರಡು ಮಿಷಿನ್ನು ಇದ್ರೆ ವೈರ್ ಹಾಕಿ ಒಂದರಿಂದ ಒಂದಕ್ಕೆ ಕಳಿಸಬಹುದಂತೆ. ಇವ್ರು ಯಾವಾಗ್ಲೋ ಹೇಳಿದ್ರು. ನಮ್ಮತ್ರ ಎರಡನೇದು ಎಲ್ಲಿ?"

ಶಶಿಧರ ಟೀ ಲೋಟ ಕೆಳಗಿಟ್ಟ. ಮೇಜಿನ ಮೇಲಿನ ರಾಶಿಯಿಂದ ತಕ್ಕಡಿಯ ಹಳೆ ಬೋರ್ಡೊಂದನ್ನು ಎತ್ತಿ ಎಂಟು ಕಾಲಿನ ಕರಿ ಹುಳುವಿನಂಥ ಚಿಪ್ಪೊಂದನ್ನು ಉಗುರಿನಿಂದ ತೋರಿಸಿದ.

"ನೋಡಕ್ಕ, ಅಂಗ್ಡೀಲಿ ಕರೆಂಟು ಓದ್ರೂ ತಕ್ಕಡಿ ತನ್ನ ಲೆಕ್ಕ ಮರೆಯಲ್ಲ. ಅದನ್ನ ನೆನಪಿಟ್ಕಳೋದು ಇದು. ಸೆಲ್ಲು ಕಿತ್ರೂ ಅಷ್ಟೆ, ಹತ್ತು ವರ್ಷ ಬಿಟ್ಟು ಬಂದ್ರೂ ಅಷ್ಟೆ. ಇದರ ದೊಡ್ಡಣ್ಣ ಒಂದೈತೆ ನನ್ನತ್ರ. ನಲವತ್ತು ಚಿತ್ರ ಹಿಡೀಬೌದು. ಅದರ ಮುಂದೆ ಒಂದು ಚಿಕ್ಕ ಬೋರ್ಡು ಕೂರಿಸಿ, ನಿನ್ನಂಗೇ ಇರೋ ಇನ್ನೊಂದು ಮಿಷಿನ್ನು ನಾನು ಅಂತ ಇದಕ್ಕೆ ಸುಳ್ಳು ಹೇಳಿಸೋದು. ಅಣ್ಣ ನಂಬರು ಒತ್ತಿದ್ರೆ ಇದು ವೈರಲ್ಲಿ ಕೇಳ್ತದೆ, ಅದು ಚಿತ್ರ ತಗ್ದು ಕೊಡ್ತದೆ."

"ಆಗುತ್ತಾ?"

"ಆಗ್ದೇ ಏನು? ಆಗ್ಬೇಕು."

ಆಗಬೇಕಾದದ್ದಕ್ಕೆ ಮೊದಲ ಅಡ್ಡಿ ಆ ತೂತು. ಈಗಿನ ಇಯರ್‌ಫೋನುಗಳ ಪಿನ್ನೆಲ್ಲ ದಪ್ಪ. ಇದಕ್ಕೆ ಬೇಕಾದದ್ದು ಹಳೆಯ ಬಟನ್ ಫೋನುಗಳಿಗೆ ಬರುತ್ತಿದ್ದ ಸಣ್ಣ ಪಿನ್ನು, ಅದೂ ಮೂರು ಪಟ್ಟಿ ಇರುವಂಥದ್ದು. ಶಶಿಧರ ಬೋರ್ಡಿನ ಕೆಲಸ ನೋಡಿಕೊಳ್ಳುತ್ತೇನೆಂದ. ಪಿನ್ನು ಹುಡುಕುವುದು ಅರುಂಧತಿಯ ಪಾಲಿಗೆ ಬಂತು. ಮದ್ದೂರಿನಲ್ಲಿ ಕೇಳಿದ ಕಡೆಯೆಲ್ಲ "ಆ ಕಾಲ ಮುಗೀತು ಮೇಡಂ" ಅಂದರು. ಮಂಡ್ಯಕ್ಕೆ ಹೋದಳು. ಪೇಟೆಬೀದಿಯಲ್ಲಿ ಮೊಬೈಲು ರಿಪೇರಿ ಅಂಗಡಿ ಒಂದಾದ ಮೇಲೊಂದು ಹತ್ತಿ ಇಳಿದಳು. ಕೊನೆಗೆ ಒಂದು ಇಕ್ಕಟ್ಟಿನ ಅಂಗಡಿಯಲ್ಲಿ ಕೂತಿದ್ದ ರೂಪ ಎಂಬ ಹೆಂಗಸು, "ಏನಕ್ಕೆ ಮೇಡಂ ಇದು?" ಎಂದು ಕೇಳಿದಳು. ಅರುಂಧತಿಗೆ ನಿಂತು ನಿಂತು ಸಾಕಾಗಿತ್ತು. ನಮ್ಮ ಯಜಮಾನರು ಮಾತಾಡೋಕೆ ಎಂದುಬಿಟ್ಟಳು. ರೂಪ ಎದ್ದು, ಅಟ್ಟದಿಂದ ಮೂಟೆಯೊಂದನ್ನು ಎಳೆದು ನೆಲಕ್ಕೆ ಸುರಿದಳು. ಜಡೆಗಟ್ಟಿದ ವೈರುಗಳ ರಾಶಿ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬಿಡಿಸಿದರು. ಸಣ್ಣ ಪಿನ್ನು ಸಿಕ್ಕಿತು, ಎರಡೇ ಪಟ್ಟಿ. ಇನ್ನೊಂದು, ಎರಡೇ ಪಟ್ಟಿ. ಮೂರು ಪಟ್ಟಿಯದು ಸಿಕ್ಕಾಗ ರೂಪಳೇ ಮೊದಲು ಚಪ್ಪಾಳೆ ಹೊಡೆದಳು.

ಭಾನುವಾರ ಬೆಳಿಗ್ಗೆ ಶಶಿಧರ ಬೈಕಿನಲ್ಲಿ ಮಳವಳ್ಳಿಗೆ ಬಂದ. ಹೆಗಲಚೀಲದಲ್ಲಿ ಬೆಸುಗೆ ಕಡ್ಡಿ, ಲ್ಯಾಪ್‌ಟಾಪು, ಹಸಿರು ಬಣ್ಣದ ಸೋಪು ಡಬ್ಬಿ. ಡಬ್ಬಿಯೊಳಗೆ ಬೋರ್ಡು ಕೂತಿತ್ತು, ಪಕ್ಕದಲ್ಲಿ ಸುಟ್ಟು ಮಾಡಿದ ತೂತಿನಿಂದ ವೈರು ಹೊರಗೆ ಬಂದಿತ್ತು. ಮಹದೇವು ಗೋಡೆಯ ಕಡೆಯೇ ಮಲಗಿದ್ದ.

"ಅಣ್ಣ, ನಾನು ಸಸಿ. ತಿರುಗಣ್ಣ ಈ ಕಡೆ. ನಿಂಗೊಂದು ಗೋಡೌನ್ ಮಾಡ್ಕ ಬಂದಿವ್ನಿ."

ಬೆಸುಗೆಯ ಹೊಗೆಯ ವಾಸನೆ ಮೂಗಿಗೆ ಹೋದ ಮೇಲೆ ಮಹದೇವು ತಿರುಗಿದ. ಹಳೆಯ ಪರಿಚಯದ ವಾಸನೆ ಅದು. ಅರುಂಧತಿ ಅವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಶಶಿಧರ ನೆಲದ ಮೇಲೆ ಚಾಪೆ ಹಾಕಿಕೊಂಡು ಪಿನ್ನಿಗೆ ವೈರು ಬೆಸೆಯುತ್ತ ಕೂತ. ಹಳೆಯ ಹಾಳೆಗಳ ಜೊತೆಗೆ ಅರುಂಧತಿ ಈ ವಾರ ಹೊಸ ಹಾಳೆಗಳನ್ನೂ ಬಿಡಿಸಿದ್ದಳು. ಸ್ಕೂಲಿನ ಶರೀರದ ಚಾರ್ಟನ್ನು ಇಟ್ಟುಕೊಂಡು ಕಣ್ಣು, ಕಿವಿ, ಮಂಡಿ, ಹೊಟ್ಟೆ, ಹಲ್ಲು. ಆಮೇಲೆ ಕಾಫಿ, ಬಸ್ಸು, ಪೇಪರು, ಹೊದಿಕೆ. ಅವಳು ಫೋನಿನಲ್ಲಿ ಕಳಿಸಿದ್ದ ಇವುಗಳ ಫೋಟೋಗಳನ್ನು ಶಶಿಧರ ಲ್ಯಾಪ್‌ಟಾಪಿನಲ್ಲಿ ಚುಕ್ಕಿ ಮಾಡಿ ಚಿಪ್ಪಿಗೆ ತುಂಬಿಸಿಯೂ ಆಗಿತ್ತು. ಅವಳಿಗೆ ಒಂದು ವಾರ ಹಿಡಿಯುತ್ತಿದ್ದದ್ದು ಅವನಿಗೆ ಒಂದು ಕಾಫಿ ಕುಡಿಯುವ ಹೊತ್ತು.

ಪಟ್ಟಲಮ್ಮ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಕೋಳಿದೊಂದು ಆಕಿದೀಯಾ?" ಎಂದು ಕೇಳಿದಳು. "ಕೋಳಿಸಾರು ಅಂದ್ರೆ ಪ್ರಾಣ ನನ್ ಮಗುಂಗೆ. ಅಂಗೇ ಬಯ್ಯಾಕೂ ಒಂದು ಆಕ್ಲಾ ಸಸೀ. ಬಯ್ದೇ ಇದ್ರೆ ಅವ್ನು ಮಾದೇವ ಅಂತ ಯಾರು ನಂಬಾರು?"

"ಆಮೇಲೆ ಆಕ್ತೀನಿ ಕಣಜ್ಜಿ. ಮೊದ್ಲು ಒಂದು ಚಿತ್ರ ಬರ್ಲಿ."

ಹಳೆಯ ಹತ್ತು ಚಿತ್ರಗಳು ಹಳೆಯ ನಂಬರುಗಳಲ್ಲೇ ಇದ್ದವು. ಹೊಸವು ಹನ್ನೊಂದರಿಂದ ಶುರು. ಪರೀಕ್ಷೆಗೆ ಹೊಸತೇ ಒಂದು ನೋಡೋಣ ಎಂದು ಶಶಿಧರ ಹನ್ನೊಂದು ಒತ್ತಿದ. ಚುಕ್ಕಿ ಕಡಿಮೆ ಇದ್ದದ್ದೆಂದು ಅವನು ಅಲ್ಲಿ ಹಲ್ಲಿನ ಚಿತ್ರ ಇಟ್ಟಿದ್ದ.

ಪರದೆಯ ಮೇಲಿನಿಂದ ಒಂದೊಂದೇ ಗೆರೆ ಇಳಿಯತೊಡಗಿತು. ಹಲ್ಲಿನ ತಲೆಯ ಎರಡು ಉಬ್ಬು ಕಂಡವು. ಮಧ್ಯಕ್ಕೆ ಬರುವಾಗ ಗೆರೆಗಳು ಒಂದರ ಮೇಲೊಂದು ಹತ್ತಿ ಕಲಸಿಹೋಗಿ, ಯಂತ್ರ ತಪ್ಪು ಎಂದು ತೋರಿಸಿ ನಿಂತಿತು.

ಮಹದೇವು "ಹಾ!" ಎಂದ. ಮುಂದಕ್ಕೆ ಬಾಗಿ ಪರದೆಯ ಮೇಲೆ ಕೈ ಬಡಿದ. "ಹಾ! ಹಾ!" ಮುಖ ಕೆಂಪಗಾಗಿತ್ತು.

"ಬೈತಾವ್ರೆ ನೋಡಕ್ಕ" ಎಂದ ಶಶಿಧರ ತಲೆ ಕೆರೆದುಕೊಂಡು. "ಇರಣ್ಣ, ಇನ್ನೊಂದ್ಸಲ."

ಇನ್ನೊಂದು ಸಲವೂ ಅರ್ಧ. ವೈರು ಅದಲುಬದಲು ಮಾಡಿದ. ಈಗ ಅರ್ಧವೂ ಬರಲಿಲ್ಲ. ಮೊದಲಿನಂತೆ ಹಾಕಿದ. ಬೆಸುಗೆ ಬಿಡಿಸಿ ಮತ್ತೆ ಬೆಸೆದ. ಮಧ್ಯಾಹ್ನದ ಬಿಸಿಲು ಹೊಸಿಲು ದಾಟಿ ಒಳಗೆ ಬಂತು. ಅರುಂಧತಿಯ ಎದೆಯೊಳಗೆ ಡಾಕ್ಟರು ಹೇಳಿದ ವಾರ ಮುಗಿಯುತ್ತಿರುವುದು ಬಡಿದುಕೊಳ್ಳುತ್ತಿತ್ತು. ಎದುರಿಗೆ ಬರುತ್ತಿದ್ದ ಅರ್ಧ ಹಲ್ಲನ್ನು ನೋಡಿದಾಗಲೆಲ್ಲ ಮಹದೇವು ಬಡಿದಾಡುತ್ತಿದ್ದ. ಇವನಿಗೆ ಇಷ್ಟು ಆಸೆ ಹುಟ್ಟಿಸಿ ಇದು ಆಗದೆ ಹೋದರೆ ಎಂದು ಅವಳಿಗೆ ದಿಗಿಲಾಯಿತು.

ಕೊನೆಗೆ ಮಹದೇವು ಬಡಿಯುವುದನ್ನು ನಿಲ್ಲಿಸಿದ. ಶಶಿಧರನ ಭುಜದ ಮೇಲೆ ಎಡಗೈ ಇಟ್ಟ. ಹಾಗೆಯೇ ತಟ್ಟಿದ, ಒಮ್ಮೆ. ತುಸು ಬಿಟ್ಟು ಮತ್ತೊಮ್ಮೆ. ಇನ್ನೂ ತುಸು ಬಿಟ್ಟು ಮತ್ತೊಮ್ಮೆ.

ಶಶಿಧರ ತಲೆ ಎತ್ತಿದ. "ನಿಧಾನ ಅಂತೀಯಾ ಅಣ್ಣ?"

ಮಹದೇವು ಕಣ್ಣು ಮುಚ್ಚಿ ತೆರೆದ.

"ಪವರ್‌ಹೌಸಲ್ಲಿ ಮಿಷಿನ್ನು ಕರೆಂಟು ಲೈನಿಗೆ ಸೇರಿಸೋವಾಗ ಹಿಂಗೇ ತಟ್ಟೋರು ಅಕ್ಕ" ಎಂದ ಶಶಿಧರ. "ನಾನು ಅವಸರ ಮಾಡ್ತಿದ್ದೆ, ಇವ್ರು ಹಿಂದೆ ನಿಂತ್ಕಂಡು ಬೆನ್ನು ತಟ್ಟೋರು. ಅದರ ಜೊತೆ ಹೋಗ್ಲಾ, ಅದರ ಮುಂದೆ ಹೋಗ್ಬೇಡ ಅಂತ."

ಲ್ಯಾಪ್‌ಟಾಪಿನಲ್ಲಿ ಒಂದೆರಡು ಅಂಕಿ ಬದಲಾಯಿಸಿದ. ಡಬ್ಬಿ ಒಂದೊಂದು ತುಣುಕು ಕಳಿಸಿದ ಮೇಲೂ ಆ ಹಳೆಯ ಯಂತ್ರ ಅದನ್ನು ನುಂಗಿಕೊಳ್ಳುವವರೆಗೆ ಕಾಯುವಂತೆ ಮಾಡಿದ. ಹನ್ನೊಂದು ಒತ್ತಿದ.

ಗೆರೆ ಇಳಿಯಿತು. ಮುದುಕರು ಮೆಟ್ಟಿಲಿಳಿದ ಹಾಗೆ, ಒಂದು, ಇನ್ನೊಂದು. ಉಬ್ಬು ಕಂಡಿತು, ಮಧ್ಯ ದಾಟಿತು, ಕೆಳಗೆ ಎರಡು ಬೇರು ಬಿಟ್ಟುಕೊಂಡು ಹಲ್ಲು ಪೂರ್ತಿಯಾಗಿ ಪರದೆಯ ಮೇಲೆ ನಿಂತಿತು.

ಪಟ್ಟಲಮ್ಮ ಬಾಗಿಲಿಂದ, "ಏನ್ಲಾ ಅದು, ಬೆಲ್ಲದಚ್ಚಾ?" ಎಂದಳು.

"ಇನ್ನೊಂದು ನೋಡ್ಬೇಕಕ್ಕ" ಎಂದು ಶಶಿಧರ ಕ್ಯಾಲ್ಕುಲೇಟರನ್ನು ತಿರುಗಿಸಿ ಹಿಂದಿನ ಮುಚ್ಚಳಕ್ಕೆ ಕೈ ಹಾಕಿದ. ಮಹದೇವು ಅವನ ಮಣಿಕಟ್ಟು ಗಬಕ್ಕನೆ ಹಿಡಿದುಕೊಂಡ. ಬಿಡಲೇ ಇಲ್ಲ. ಆ ಕೈಯಲ್ಲಿ ಅಷ್ಟು ಬಲ ಇದೆಯೆಂದು ಅರುಂಧತಿಗೆ ಗೊತ್ತಿರಲಿಲ್ಲ.

"ಕೀಳ್ಬೇಕು ಅಣ್ಣ. ಇವತ್ತು ನಮ್ ಮುಂದೆ ಕಿತ್ತು ನೋಡ್ದಿದ್ರೆ ನಾಳೆ ನಾನಿಲ್ದಾಗ ಕಿತ್ತೋದ್ರೆ? ನಾನಿವ್ನಿ. ಬುಡು."

ಮಹದೇವು ಅರುಂಧತಿಯ ಕಡೆ ನೋಡಿದ. ಕಳೆದ ಸಲ ಕಿತ್ತವಳು ಅವಳೇ. ಅವಳು ಹತ್ತಿರ ಹೋಗಿ ಮಂಚದ ಅಂಚಿನಲ್ಲಿ ಕೂತು ಅವನ ಬೆರಳುಗಳನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಶಶಿಧರ ಸೆಲ್ಲುಗಳನ್ನು ಕಿತ್ತು ಚಾಪೆಯ ಮೇಲೆ ಸಾಲಾಗಿ ಇಟ್ಟ. ಪರದೆ ಸತ್ತಿತು. ಪಟ್ಟಲಮ್ಮನ ಬಾಯಿ ಕೂಡ ಅಗಿಯುವುದನ್ನು ನಿಲ್ಲಿಸಿತ್ತು. ಮತ್ತೆ ಸೆಲ್ಲು ಹಾಕಿ, ಪಿನ್ನು ಚುಚ್ಚಿ, ಡಬ್ಬಿಯ ಪಕ್ಕದ ಗುಂಡಿ ಒತ್ತಿದ. ಡಬ್ಬಿ ಮೊದಲು ತನ್ನೊಳಗಿದ್ದ ಪ್ರೋಗ್ರಾಮನ್ನು ಯಂತ್ರಕ್ಕೆ ಕಳಿಸಿತು. ಆಮೇಲೆ ಅವನು ಎಂಟು ಒತ್ತಿ ಯಂತ್ರವನ್ನು ಮಹದೇವುವಿನ ಮಡಿಲಿಗಿಟ್ಟ.

ಕನ್ನಡಕ ಬಂತು. ನಿಧಾನವಾಗಿ, ಪೂರ್ತಿಯಾಗಿ.

ಅರುಂಧತಿ ಬಿಟ್ಟ ಉಸಿರು ಕೇಳಿ ಮಹದೇವು ನಕ್ಕ. ಒಂದು ಕಡೆಯ ತುಟಿ ಮಾತ್ರ ಮೇಲೆದ್ದ ನಗೆ.

ಆದರೆ ಅವನು ಹೆಚ್ಚು ಹೊತ್ತು ನಗಲಿಲ್ಲ. ಹೆಬ್ಬೆರಳಿನಿಂದ ಹನ್ನೊಂದು ಒತ್ತಿದ. ಹಲ್ಲು.

"ಬಂತು, ಬಂತು, ಚೆನ್ನಾಗಿ ಬಂತು" ಎಂದಳು ಅರುಂಧತಿ.

ಮತ್ತೆ ಹನ್ನೊಂದು. ಅದು ಬರುವವರೆಗೆ ಕಾದ, ಪರದೆಯನ್ನು ಅವಳ ಮುಖಕ್ಕೆ ಹಿಡಿದ. ಆಮೇಲೆ ಐದು ಒತ್ತಿದ. ಹುಬ್ಬು ಗಂಟಿಕ್ಕಿದ ಮುಖ. ಮತ್ತೆ ಹನ್ನೊಂದು. ಮತ್ತೆ ಐದು. ಮತ್ತೆ ಕೈಯೆತ್ತಿ ಬಲಗೆನ್ನೆಯ ಮೇಲೆ ಬಡಿದ.

ಅರುಂಧತಿ ಪರದೆಯನ್ನು ನೋಡಿದಳು, ಅವನ ಕೆನ್ನೆಯನ್ನು ನೋಡಿದಳು.

"ಹಲ್ಲುನೋವಾ?" ಎಂದಳು. ದನಿ ಪಿಸುಮಾತಿಗೆ ಇಳಿದಿತ್ತು. "ರೀ... ಹಲ್ಲುನೋವಾ? ಅದಕ್ಕಾ ಉಣ್ಣದೆ ಇದ್ದದ್ದು?"

ಮಹದೇವು "ಹಾ" ಎಂದ. ಅದು ಬೇಕೂ ಅಲ್ಲದ ಬೇಡವೂ ಅಲ್ಲದ, ಬೆಟ್ಟ ಹೊತ್ತವನು ಕೆಳಗಿಳಿಸಿ ಅನ್ನುವಂಥ ಹಾ. ಕಣ್ಣಿಂದ ನೀರು ಇಳಿದು ಸೊಟ್ಟ ತುಟಿಯ ಹತ್ತಿರ ಬಂದಿತ್ತು. ಅರುಂಧತಿ ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಿಗೇ ತಿಳಿಯಲಿಲ್ಲ.

"ಅಯ್ಯೋ ನಿನ್ ಮನೆ ಕಾಯ್ವಾಗ!" ಪಟ್ಟಲಮ್ಮ ಕೋಲೂರಿ ಎದ್ದೇಬಿಟ್ಟಳು. "ಒಂದು ಹುಳುಕು ಹಲ್ಲಿಗೆ ಮೂಗಿಗೆ ನಳಿಗೆ ಆಕ್ಸಾಕೆ ಒಂಟಿದ್ರಾ ಎಲ್ಲಾ ಸೇರ್ಕಂಡು? ನಂಗೆ ಒಂದೂ ಇಲ್ಲ ನೋಡು ಹಲ್ಲು, ಎಷ್ಟು ನೆಮ್ದಿಯಾಗಿವ್ನಿ. ಕೀಳ್ಸ್ರವ್ವ ಮೊದ್ಲು!"

ಸೋಮವಾರ ಬಸ್‌ಸ್ಟ್ಯಾಂಡಿನ ಹತ್ತಿರದ ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಆಕೆ ತಾಳ್ಮೆಯವರು. ದವಡೆಗೆ ಬಿಸಿ ಬಟ್ಟೆಯ ಶಾಖ ಕೊಟ್ಟು, ತುಸು ತುಸುವೇ ಬಾಯಿ ತೆರೆಸಿ, ಸಣ್ಣ ಕನ್ನಡಿ ಇಳಿಸಿ ನೋಡಿದರು. ಕೊನೆಯ ದವಡೆಹಲ್ಲು ಒಳಗೆ ಕೊಳೆತು ಕೆಳಗೆ ಕೀವು ತುಂಬಿತ್ತು. "ಇದನ್ನಿಟ್ಟುಕೊಂಡು ಇವರು ನೀರು ಕುಡಿದದ್ದೇ ಹೆಚ್ಚು" ಎಂದರು. ರಕ್ತ ತೆಳುವಾಗುವ ಮಾತ್ರೆಯ ವಿಷಯ ಮಂಡ್ಯದ ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡು, ಕೀವಿಗೆ ಔಷಧಿ ಕೊಟ್ಟು, ಅದು ಇಳಿದ ಮೇಲೆ ಹಲ್ಲು ಕಿತ್ತರು. ಮಂಡ್ಯದ ಡಾಕ್ಟರು ಫೋನಿನಲ್ಲಿ ಅರುಂಧತಿಗೆ, "ನಳಿಗೆ ಮಾತು ಬಿಟ್ಟುಬಿಡಿ ತಾಯಿ. ನನಗೂ ಎದೆ ಹಗುರಾಯಿತು" ಎಂದರು. ಹಾಗೆಂದ ಮೇಲೆ ಆ ಡಬ್ಬಿಯನ್ನು ಒಮ್ಮೆ ತನಗೂ ತೋರಿಸಬೇಕೆಂದು ಕೇಳಿಕೊಂಡರು.

ಬಾಯಿಯ ಗಾಯ ಮಾಯ್ದ ಮೇಲೆ ಮೊದಲ ಸಲ ಅವನಿಗೆ ಮೆತ್ತಗೆ ತೊಳಸಿದ ಮುದ್ದೆ, ಉಪ್ಪೆಸರು ಕೊಟ್ಟರು. ಪಟ್ಟಲಮ್ಮ ಗೋಲಿಯಷ್ಟು ಚಿಕ್ಕ ಚಿಕ್ಕ ತುತ್ತು ಮಾಡಿ ಬಾಯಿಗಿಟ್ಟಳು. ಒಂದೊಂದೂ ಗಂಟಲಿಳಿಯುವುದನ್ನು ಅರುಂಧತಿ ನಿಂತು ನೋಡಿದಳು. ತಟ್ಟೆ ಬರಿದಾದ ಮೇಲೆ ಮಹದೇವು ಎರಡು ಒತ್ತಿದ. ತಟ್ಟೆಯ ಚಿತ್ರ. ಇನ್ನೂ ಹಾಕು.

ಮುಂದಿನ ಭಾನುವಾರ ಶಶಿಧರ ಬಂದು ಕೋಳಿಯನ್ನೂ, ಪಟ್ಟಲಮ್ಮ ಕೇಳಿದ್ದ ಬೈಗುಳವನ್ನೂ ಸೇರಿಸಿದ. ಬೈಗುಳಕ್ಕೆ ಏನು ಚಿತ್ರ ಬಿಡಿಸುವುದೆಂದು ಬಹಳ ಚರ್ಚೆಯಾಗಿ ಕೊನೆಗೆ ಒಂದು ಹಳೆ ಎಕ್ಕಡ ಬಿಡಿಸಿದರು. ಮಹದೇವು ಅದನ್ನು ಮೊದಲು ತೋರಿಸಿದ್ದು ಶಶಿಧರನಿಗೇ. ಅವನು ಊಟ ಮಾಡದೆ ಹೊರಟು ನಿಂತಿದ್ದಕ್ಕೆ.

ಆ ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಅರುಂಧತಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಸ್ವಲ್ಪ ಹೊತ್ತು ಕೂತು ಎದ್ದು ಪಾತ್ರೆ ತೊಳೆಯೋಣ ಎಂದುಕೊಂಡವಳು ಹಾಗೇ ಕೆಳಕ್ಕೆ ಜಾರಿ, ತೋಳನ್ನೇ ತಲೆದಿಂಬು ಮಾಡಿಕೊಂಡು ನಿದ್ದೆಹೋದಳು. ಎಷ್ಟು ತಿಂಗಳಿಂದ ಅವಳು ಒಂದು ಕಿವಿಯನ್ನು ಎಚ್ಚರವಾಗಿಟ್ಟುಕೊಂಡೇ ಮಲಗಿದ್ದಳೋ. ಒಳಗಿನಿಂದ ಗುಂಡಿ ಒತ್ತಿದ ಸದ್ದು ಕೇಳಿಸಿತು, ಒಮ್ಮೆ, ಮತ್ತೊಮ್ಮೆ. ನಿದ್ದೆಯ ಅಂಚಿನಲ್ಲಿ ಅತ್ತೆಯ ದನಿ ಬಂತು:

"ಏನ್ಲಾ, ಕಾಫಿನಾ? ಇರು, ನಾನ್ ಕಾಸ್ತೀನಿ. ಮಲ್ಗವ್ಳೆ ಕಣ್ಲಾ, ಬುಡು."

ಅರುಂಧತಿ ಏಳಲಿಲ್ಲ. ಅವಳ ಮೇಲೆ ಯಾರೋ ಹೊದಿಕೆ ಎಳೆದದ್ದು ಗೊತ್ತಾಯಿತು, ಆಮೇಲೆ ಏನೂ ಗೊತ್ತಾಗಲಿಲ್ಲ.